ಮೀಟಪ್‌ಗಳೂ ಮುಗಿದವು, ಮನೆಯೂ ಬದಲಾಯಿತು, ಈಗ ಬಾಕಿ ಕೆಲಸ

ಈ ಬೇಸಿಗೆಯಲ್ಲಿ ಬೆಂಗಳೂರಿನ ನನ್ನ ಶನಿವಾರಗಳೆಲ್ಲ ಟೆಕ್ ಮೀಟಪ್‌ಗಳಿಗೇ ಹೋದವು. ಅದರ ಮೇಲೆ ಮನೆ ಶಿಫ್ಟಿಂಗ್ ಬೇರೆ. ಆಷಾಢಕ್ಕೆ ಮುಂಚೆ ಹಾಲು ಉಕ್ಕಿಸಲೇಬೇಕು ಅಂತ ಅಮ್ಮನ ಹಟ. ಊರಿಗೆಲ್ಲ ಅದೇ ಅವಸರ, ಹಾಗಾಗಿ ಟೆಂಪೋ ಸಿಗೋದೇ ಕಷ್ಟ. ಎಲ್ಲ ಮುಗಿದು ಉಸಿರು ಬಿಡುವಷ್ಟರಲ್ಲಿ ಬಾಕಿ ಕೆಲಸ ಕುತ್ತಿಗೆವರೆಗೆ ಬಂದಿತ್ತು.

ಹಳೆಯದರಿಂದ ಶುರು ಮಾಡಿ ಒಂದೊಂದೇ ಮುಗಿಸುವ ಪದ್ಧತಿ ನನಗೆ ಒಗ್ಗಲ್ಲ. ಯಾವುದು ಮುಗಿದರೆ ಮುಂದಿನದು ಸಲೀಸಾಗುತ್ತದೆ, ಯಾವುದಕ್ಕೆ ಬೇರೆಯವರು ಕಾಯುತ್ತಿದ್ದಾರೆ, ಇವೆರಡನ್ನೇ ನೋಡುತ್ತೇನೆ.

ಮನೆ ವಿಷಯದಲ್ಲಿ ಮೊದಲು ಗ್ಯಾಸ್. ಕಂಪನಿ ಅದೇ, ಊರೂ ಅದೇ, ಏಜೆನ್ಸಿ ಮಾತ್ರ ಬೇರೆ. ಹಾಗಾಗಿ ಸಿಲಿಂಡರ್ ವಾಪಸ್ ಕೊಡುವ ತಾಪತ್ರಯ ಇರಲಿಲ್ಲ. ಹೊಸ ವಿಳಾಸದ ಬಿಲ್ಲು ಬಂದ ತಕ್ಷಣ ಅದನ್ನೇ ಆಧಾರ್‌ಗೆ ಅಪ್‌ಲೋಡ್ ಮಾಡಿದೆ. ಬಾಡಿಗೆ ಕರಾರು ಎಲ್ಲರಂತೆ 11 ತಿಂಗಳದ್ದು. ಒಂದು ವರ್ಷಕ್ಕಿಂತ ಹೆಚ್ಚು ಅಂತ ಬರೆದರೆ ರಿಜಿಸ್ಟರ್ ಮಾಡಿಸಬೇಕಲ್ವಾ, ಅದಕ್ಕೇ ಎಲ್ಲರೂ 11ಕ್ಕೆ ನಿಲ್ಲಿಸೋದು. ಆ ಕಾಗದ ಎಲ್ಲ ಕಡೆ ನಡೆಯಲ್ಲ. ಗ್ಯಾಸ್ ಬಿಲ್ಲಿಗೆ ನಾನು ಜಾಸ್ತಿ ಮಹತ್ವ ಕೊಡೋದು ಇದಕ್ಕೇ.

ಆಮೇಲೆ ಗೃಹಜ್ಯೋತಿ, ಅಂದರೆ ಸರ್ಕಾರದ ಉಚಿತ ಕರೆಂಟ್ ಯೋಜನೆ. ಹಳೆ ಮನೆಯ ಆರ್‌ಆರ್ ನಂಬರನ್ನು (ಕರೆಂಟ್ ಸಂಪರ್ಕದ ನಂಬರು) ಸರ್ಕಾರದ ಸೇವಾ ಸಿಂಧು ಪೋರ್ಟಲಿನಲ್ಲಿ ಡಿ-ಲಿಂಕ್ ಮಾಡಿ, ಹೊಸದನ್ನು ಸೇರಿಸಬೇಕು. ಆ ಮನೆಗೆ ಬಂದವರೂ ಇದಕ್ಕೆ ಕಾಯುತ್ತಿರುತ್ತಾರೆ, ತಡ ಮಾಡಬಾರದು. ವೋಟರ್ ಪಟ್ಟಿಯಲ್ಲಿ ವಿಳಾಸ ಬದಲಿಸಲು ಫಾರಂ 8. ಅದು ಸುಲಭ.

ಮೀಟಪ್‌ಗಳ ಬಾಕಿಯಲ್ಲಿ ಸ್ಲೈಡ್ಸ್ ಕಳಿಸೋದು ಒಂದೇ ಸಂಜೆಯ ಕೆಲಸ. ಸಮಯ ತಿಂದದ್ದು ಒಂದು ಬಗ್. ನಾನು ನೋಡಿಕೊಳ್ಳುವ ಸಣ್ಣ ಕನ್ನಡ ಹುಡುಕು ಟೂಲಿನಲ್ಲಿ ‘ಸಾಫ್ಟ್‌ವೇರ್’ ಅಂತ ಹುಡುಕಿದರೆ ಅರ್ಧ ಪುಟಗಳು ಸಿಗಲ್ಲ ಅಂತ ಕೇಳುಗರೊಬ್ಬರು ಅಲ್ಲೇ ತೋರಿಸಿದ್ದರು. ಕಾರಣ ಕಣ್ಣಿಗೆ ಕಾಣದ್ದು. ಕೆಲವರು ಟ್ ಮತ್ತು ವ ನಡುವೆ ಜೀರೋ ವಿಡ್ತ್ ನಾನ್ ಜಾಯ್ನರ್ (ಅಕ್ಷರಗಳು ಒತ್ತಕ್ಷರವಾಗಿ ಕೂಡದಂತೆ ತಡೆಯುವ, ಕಾಣದ ಗುರುತು) ಹಾಕುತ್ತಾರೆ, ಕೆಲವರು ಹಾಕಲ್ಲ, ಆಗ ‘ಸಾಫ್ಟ್ವೇರ್’ ಆಗುತ್ತದೆ. ಓದುವವರಿಗೆ ಎರಡೂ ಒಂದೇ. ಕಂಪ್ಯೂಟರಿಗೆ ಬೇರೆ ಬೇರೆ ಪದ. ‘ರ‍್ಯಾಂಕ್’ ಕಥೆಯೂ ಹೀಗೇ, ಅಲ್ಲಿ ಅಡಗಿರೋದು ಜಾಯ್ನರ್, ಅಕ್ಷರ ಕೂಡುವ ರೀತಿ ಹೇಳುವ ಇನ್ನೊಂದು ಕಾಣದ ಗುರುತು. ಒಂದೇ ಅಕ್ಷರದ ಬೇರೆ ಬೇರೆ ಕೋಡ್ ರೂಪಗಳನ್ನು ಒಂದಾಗಿಸುವ ಯೂನಿಕೋಡ್ ನಾರ್ಮಲೈಸೇಷನ್ ಇವೆರಡನ್ನೂ ಮುಟ್ಟಲ್ಲ.

ಹಾಗಂತ ಈ ಗುರುತುಗಳನ್ನು ಎಲ್ಲ ಕಡೆ ಕಿತ್ತು ಹಾಕಿದರೆ ಪಠ್ಯದ ರೂಪವೇ ಕೆಡುತ್ತದೆ. ಇಂಡೆಕ್ಸ್ (ಹುಡುಕಲು ಬಳಸುವ ಪದಗಳ ಪಟ್ಟಿ) ಮಾಡುವಾಗ ಮತ್ತು ಹುಡುಕುವ ಪದದಲ್ಲಿ ಮಾತ್ರ ತೆಗೆದೆ, ಮೂಲ ಪಠ್ಯ ಹಾಗೇ ಉಳಿಸಿದೆ. ಕೋಡು ನಾಲ್ಕೈದು ಸಾಲು. ಹಳೆ ಪುಟಗಳನ್ನೆಲ್ಲ ಮತ್ತೆ ಇಂಡೆಕ್ಸ್ ಮಾಡೋದೇ ದೊಡ್ಡ ಕೆಲಸ. ಅದನ್ನು ರಾತ್ರಿ ಓಡಲು ಬಿಟ್ಟು ನಾನು ಪಾತ್ರೆಯ ಡಬ್ಬಗಳನ್ನು ಬಿಚ್ಚಿದೆ.

ಕೆಲವನ್ನು ಮಾಡಲೇ ಇಲ್ಲ. ‘ಆಮೇಲೆ ನೋಡೋಣ’ ಅಂತ ಸೇರಿಸಿಟ್ಟಿದ್ದ ಭಾಷಣಗಳ ವಿಡಿಯೋ ಪಟ್ಟಿಯನ್ನು ಪೂರ್ತಿ ಅಳಿಸಿದೆ. ಯಾರೂ ಅದಕ್ಕೆ ಕಾಯುತ್ತಿರಲಿಲ್ಲ. ಪುಸ್ತಕದ ಡಬ್ಬಗಳು ಮಾತ್ರ ಇನ್ನೂ ಹಾಗೇ ಇವೆ, ಬಡಗಿ ಶೆಲ್ಫ್ ತಂದುಕೊಡುವವರೆಗೆ ಅವನ್ನು ಬಿಚ್ಚಿ ಸುಮ್ನೆ ನೆಲದ ಮೇಲೆ ಹರಡಲ್ಲ.