ಕಿಟಕಿಯ ನೀರಿಗೆ ಹೊರದಾರಿ ಬಿಡಿ

ಬೆಳಗಾವಿಯ ಮಳೆ ಮೇಲಿಂದ ಬೀಳುವುದಷ್ಟೇ ಅಲ್ಲ, ಪಡುವಣದಿಂದ ಅಡ್ಡಡ್ಡ ಬರುತ್ತದೆ. ಖಾನಾಪುರ, ಜಾಂಬೋಟಿ ಕಡೆಯಿಂದ ಬೀಸುವ ಗಾಳಿ ಆರಿದ್ರಾ, ಪುನರ್ವಸು ಹೊತ್ತಿಗೆ ಮೂರನೇ ಮಹಡಿಯ ಗಾಜಿಗೆ ನೀರನ್ನು ಚೆಂಬಿನಲ್ಲಿ ಎರಚಿದ ಹಾಗೆ ಹೊಡೆಯುತ್ತದೆ. ವಿಜಯಪುರದಿಂದ ವರ್ಗವಾಗಿ ಬಂದ ಪಕ್ಕದ ಮನೆಯವರು ಮೊದಲ ಜುಲೈನಲ್ಲೇ ಕೇಳಿದ್ದರು: "ಕಿಡಕಿ ಹಾಕೀನ್ರಿ, ಆದ್ರೂ ನೀರ ಒಳಗ ಹೆಂಗ ಬರ್ತಾವ್ರೀ?"

ಅಲ್ಯೂಮಿನಿಯಂ ಸ್ಲೈಡಿಂಗ್ ಕಿಟಕಿಯ ಟ್ರ್ಯಾಕಿಗೆ ನೀರು ಬಂದೇ ಬರುತ್ತದೆ. ಬಂದದ್ದು ಹೊರಗೆ ಹೋಗಲೆಂದೇ ಚೌಕಟ್ಟಿನ ತಳದಲ್ಲಿ ಸಣ್ಣ ತೂತುಗಳಿರುತ್ತವೆ. ಅವು ಕಟ್ಟಿಕೊಂಡಾಗ ಟ್ರ್ಯಾಕ್ ತುಂಬಿ, ಗಾಳಿ ಆ ನೀರನ್ನು ಒಳಗಿನ ಅಂಚು ದಾಟಿಸಿ ಮನೆಗೆ ತಳ್ಳುತ್ತದೆ.

ಮಳೆ ಹೊಡೆಯುತ್ತಿರುವ ರಾತ್ರಿ

ಕಿಟಕಿಯ ಕೆಳಗೆ ಸ್ವಿಚ್ ಬೋರ್ಡ್ ಇದ್ದು, ಗೋಡೆ ಒದ್ದೆಯಾಗಿದ್ದರೆ ಮೊದಲು ಆ ಕೋಣೆಯ ಎಂಸಿಬಿ (ಮೀಟರ್ ಬೋರ್ಡಿನ ಬಳಿ ಕರೆಂಟ್ ಕಡಿಯುವ ಸ್ವಿಚ್) ಇಳಿಸಿ. ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಓಡುತ್ತಿದ್ದರೆ ಅದನ್ನೂ ನಿಲ್ಲಿಸಿ. ಬಾಗಿಲು ಕಿಟಕಿ ಮುಚ್ಚಿದ ಮನೆಯಿಂದ ಅದು ಗಾಳಿಯನ್ನು ಹೊರಗೆ ಎಳೆದಷ್ಟೂ ಸಂದಿಗಳಿಂದ ಹೊರಗಿನ ಗಾಳಿ ನುಗ್ಗುತ್ತದೆ, ನೀರನ್ನೂ ಕರೆತರುತ್ತದೆ.

ಟ್ರ್ಯಾಕಿನ ನೀರನ್ನು ಸ್ಪಂಜಿನಿಂದ ಹೀರಿ ತೆಗೆಯಿರಿ. ಆಮೇಲೆ ನಮ್ಮ ಅತ್ತೆಯವರ ಉಪಾಯ. ಹಳೆಯ ಹತ್ತಿ ಪಂಚೆಯನ್ನು ಉದ್ದಕ್ಕೆ ಹರಿದು ಹಗ್ಗದಂತೆ ಹೊಸೆದು, ನೆನೆಸಿ, ಒಂದು ತುದಿಯನ್ನು ಟ್ರ್ಯಾಕಿನಲ್ಲಿ ಒತ್ತಿ, ಇನ್ನೊಂದನ್ನು ಕೆಳಗಿನ ಬಕೆಟ್ಟಿಗೆ ಇಳಿಬಿಡಿ. ದೀಪದ ಬತ್ತಿ ಎಣ್ಣೆ ಎಳೆದ ಹಾಗೆ ಅದು ನೀರು ಎಳೆಯುತ್ತದೆ. ಬಕೆಟ್ಟಿನ ತುದಿ ಟ್ರ್ಯಾಕಿಗಿಂತ ಕೆಳಗೇ ಇರಬೇಕು, ಬಟ್ಟೆ ಹತ್ತಿಯದೇ ಆಗಬೇಕು. ನೈಲಾನ್ ಸೀರೆಯಲ್ಲಿ ನಾನು ಮಾಡಿ ನೋಡಿ ಕೆಟ್ಟೆ. ಜೋರು ಮಳೆಗೆ ಇದೊಂದೇ ಸಾಲದು, ಆದರೆ ಎರಡು ತಾಸು ಕಣ್ಣು ಮುಚ್ಚಲು ಸಾಕು.

ನೀರು ಎಲ್ಲಿಂದ?

ಒಳಗಿನ ಕಟ್ಟೆಯನ್ನು ಒರೆಸಿ ಒಣಗಿಸಿ, ಚೌಕಟ್ಟಿನ ಉದ್ದಕ್ಕೂ ರಂಗೋಲಿ ಪುಡಿಯ ಒಂದು ಎಳೆ ಬಿಡಿ. ಎರಡೂ ಬದಿಗೆ ಪೇಪರಿನ ಪಟ್ಟಿ ಅಂಟಿಸಿ. ಮುಂದಿನ ಸುರಿತದಲ್ಲಿ ಮೊದಲು ಯಾವುದು ಒದ್ದೆಯಾಯಿತು ನೋಡಿ. ಎಳೆಯ ನಡುಭಾಗ ಒದ್ದೆಯಾದರೆ ಹೆಚ್ಚಾಗಿ ಟ್ರ್ಯಾಕ್ ತುಂಬಿದೆ. ಮೂಲೆ ಅಥವಾ ಬದಿಯಾದರೆ ಚೌಕಟ್ಟು ಮತ್ತು ಗೋಡೆಯ ನಡುವೆ ಸಂದಿ ಬಿಟ್ಟಿದೆ. ಮೇಲಿಂದ ಇಳಿದರೆ ಛಜ್ಜಾ, ಅಂದರೆ ಕಿಟಕಿಯ ಮೇಲೆ ಹೊರಚಾಚಿದ ಕಾಂಕ್ರೀಟ್ ಹಲಗೆ, ಬಿರುಕು ಬಿಟ್ಟಿರಬಹುದು.

ತೂತು ಬಿಡಿಸುವುದು

ಮಳೆ ನಿಂತಾಗ, ಗಾಜಿನ ಬಾಗಿಲನ್ನು ಇಬ್ಬರು ಹಿಡಿದು ಮೇಲಕ್ಕೆತ್ತಿ ಒಳಗೆ ತೆಗೆಯಿರಿ. ನಮ್ಮ ಟ್ರ್ಯಾಕಿನಲ್ಲಿ ಬೇಸಿಗೆಯ ಕೆಮ್ಮಣ್ಣು ಗಟ್ಟಿಯಾಗಿ ಕೂತಿತ್ತು. ಅದರ ಮೇಲೆ ಮಳೆಹುಳಗಳ ರೆಕ್ಕೆ, ಪಾರಿವಾಳದ ಒಂದು ಗರಿ. ಹಳೆಯ ಟೂತ್‌ಬ್ರಷ್ಷಿನಿಂದ ಉಜ್ಜಿ, ಕಸಬರಿಗೆ ಕಡ್ಡಿಯಿಂದ ಪ್ರತಿ ತೂತನ್ನೂ ಚುಚ್ಚಿ. ಮೂರು ಟ್ರ್ಯಾಕ್ ಇದ್ದರೆ ನಡುವಿನ ಪಟ್ಟಿಗಳಲ್ಲೂ ತೂತು ಇರಬೇಕು, ಇಲ್ಲದಿದ್ದರೆ ಒಳಗಿನ ಟ್ರ್ಯಾಕಿನ ನೀರಿಗೆ ದಾರಿಯೇ ಇಲ್ಲ. ಈಗ ಒಂದು ಲೋಟ ನೀರು ಸುರಿಯಿರಿ. ಸರಸರನೆ ಇಳಿದು ಹೊರಗೆ ಹೋಗಬೇಕು.

ನಮ್ಮಲ್ಲಿ ಹೋಗಲಿಲ್ಲ. ಹಿಂದಿನ ವರ್ಷ ಬಂದಿದ್ದ ಕಿಟಕಿ ಕೆಲಸದವ "ಎಲ್ಲಾ ಪ್ಯಾಕ್ ಮಾಡೀನ್ರಿ ಅಕ್ಕಾರ, ಇನ್ನ ಹನಿ ನೀರ ಬರೂದಿಲ್ಲ" ಎಂದು ಹೊರಗಿನಿಂದ ತೂತುಗಳ ಮೇಲೂ ಸಂದಿ ಮುಚ್ಚುವ ಸಿಲಿಕಾನ್ ಅಂಟು ಎಳೆದು ಹೋಗಿದ್ದ. ದುಡ್ಡು ಕೊಟ್ಟು ಮನೆಯೊಳಗೆ ಸಣ್ಣ ಕೆರೆ ಕಟ್ಟಿಸಿಕೊಂಡಿದ್ದೆವು.

ಸಿಲಿಕಾನ್ ಯಾವಾಗ, ಯಾವುದು

ಸಾಮಾನ್ಯ ಸಿಲಿಕಾನ್ ಹಸಿ ಗೋಡೆಗೆ ಹಿಡಿಯುವುದಿಲ್ಲ. ಗೋಡೆ ಒಣಗಲು ಕೆಲವು ದಿನ ಬಿಸಿಲು ಬೇಕು, ಜುಲೈ ತಿಂಗಳ ಬೆಳಗಾವಿಯಲ್ಲಿ ಅದನ್ನು ನಂಬಿ ಕೂರಬೇಡಿ. ಅಂಗಡಿಯಲ್ಲಿ "ನ್ಯೂಟ್ರಲ್" ಎಂದು ಕೇಳಿ ತನ್ನಿ. ಹಚ್ಚುವಾಗ ವಿನೆಗರ್ ವಾಸನೆ ಬರುವ ಅಗ್ಗದ ಜಾತಿ ಸಿಮೆಂಟಿಗೆ ಸರಿಯಾಗಿ ಕೂರುವುದಿಲ್ಲ, ಲೋಹವನ್ನೂ ತಿನ್ನುತ್ತದೆ. ಹಳೆಯದನ್ನು ಬ್ಲೇಡಿನಿಂದ ಪೂರ್ತಿ ಕೆರೆದೇ ಹೊಸದು ಹಾಕಿ, ಹಳತರ ಮೇಲೆ ಹಾಕಿದ್ದು ಬಾಳುವುದಿಲ್ಲ. ಒಣಗುವುದು ದಿನಕ್ಕೆ 2-3 ಮಿ.ಮೀ. ಆಳ ಮಾತ್ರ. ಅದರ ಮೇಲೆ ಬಣ್ಣ ನಿಲ್ಲುವುದಿಲ್ಲ, ಆದ್ದರಿಂದ ಗೋಡೆಗೆ ಹೊಂದುವ ಬಣ್ಣದ್ದನ್ನೇ ಕೊಳ್ಳಿ. ಗಾಜಿನ ಬಾಗಿಲಿನ ಅಂಚಿನ ಬ್ರಷ್ ಪಟ್ಟಿ ಸವೆದಿದ್ದರೆ ಅದನ್ನೂ ಇದೇ ಹೊತ್ತಿಗೆ ಬದಲಿಸಿ.

ಹೊರಗಿನ ಕೆಲಸಕ್ಕೆ ನೀವೇ ಕಿಟಕಿಯಿಂದ ಬಗ್ಗಬೇಡಿ, ಹಗ್ಗ ಕಟ್ಟಿ ಇಳಿಯುವವರನ್ನು ಕರೆಸಿ. ಹೊರಗಿನ ಕಟ್ಟೆಯ ಕಲ್ಲು ಒಳಕ್ಕೆ ವಾಟವಾಗಿದ್ದರೆ ಅದನ್ನು ಎಬ್ಬಿಸಿ ಹೊರವಾಟಕ್ಕೆ ಕೂರಿಸಬೇಕು. ಛಜ್ಜಾ ತಳದಲ್ಲಿ ಮುಂದಿನ ಅಂಚಿನ ಹತ್ತಿರ ಉದ್ದಕ್ಕೂ ಒಂದು ಗೀರು ಬೇಕು, ಇಲ್ಲದಿದ್ದರೆ ಹನಿ ಅಲ್ಲಿಂದ ಉದುರದೆ ಗೋಡೆಯವರೆಗೆ ಹರಿದು ಬರುತ್ತದೆ. ಇನ್ನು ಖರ್ಚು. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ ಮುಖ್ಯ ಗೋಡೆಗಳನ್ನು ಎಲ್ಲರ ಪಾಲಿನ ಆಸ್ತಿ ಎನ್ನುತ್ತದೆ. ನಿಮ್ಮ ಅಪಾರ್ಟ್‌ಮೆಂಟಿನ ಘೋಷಣಾ ಪತ್ರದಲ್ಲಿ ಬೇರೆ ಮಾತಿಲ್ಲದಿದ್ದರೆ ಬಿರುಕಿನ ಫೋಟೊ ಹಿಡಿದು ಸೊಸಾಯಿಟಿ ಮೀಟಿಂಗಿಗೆ ಹೋಗಿ. ಮೇ ತಿಂಗಳಲ್ಲಿ ಹೋದರೆ ಕೆಲಸ ಒಣ ಗೋಡೆಯ ಮೇಲೆ ಆಗುತ್ತದೆ.