ಕಿವಿಯಿಂದ ಬಾಯಿಗೆ ಜರ್ಮನ್

ನಮ್ಮ ಅಕ್ಕನ ಮಗಳು ನರ್ಸಿಂಗ್ ಮುಗಿಸಿ ಕಲಬುರಗಿಯಲ್ಲೇ ಕೆಲಸಕ್ಕಿದ್ದಾಳೆ. ಜರ್ಮನಿಗೆ ಹೋಗಬೇಕು ಅನ್ನುವುದು ಅವಳ ಆಸೆ. ಹೋದ ವರ್ಷ ಜರ್ಮನ್ ಕಲಿಯಲು ದಪ್ಪ ಪುಸ್ತಕವೊಂದನ್ನು ತಂದು ಎರಡು ತಿಂಗಳು ಓದಿದಳು. ಒಂದು ಸಂಜೆ ಅದನ್ನು ನನ್ನ ಮುಂದಿಟ್ಟು, "ಮಾಮಾ, ಓದಿದ್ರ ತಿಳೀಲತ್ತದ, ಬಾಯಾಗ ಒಂದ್ ಮಾತೂ ಬರ್ಲತ್ತಿಲ್ಲ" ಅಂದಳು. ಅವತ್ತೇ ಪುಸ್ತಕ ಮುಚ್ಚಿ ಇಬ್ಬರೂ ಆಡಿಯೊ ಪಾಠ ಹಿಡಿದೆವು. ನಾವು ಕಲಿತ ದಾರಿ ಇದು. ಹೊಸದಾಗಿ ಶುರು ಮಾಡುವವರಿಗೆ ಖಂಡಿತ ಉಪಯೋಗಕ್ಕೆ ಬರುತ್ತದೆ.

ಮೊದಲು ಕಿವಿ ಯಾಕೆ? ಜರ್ಮನ್ ಅಕ್ಷರಗಳು ಹೆಚ್ಚುಕಡಿಮೆ ಇಂಗ್ಲಿಷಿನವೇ. ಹಾಗಾಗಿ ಪುಸ್ತಕ ತೆರೆದ ಕೂಡಲೇ ನಾವು ಇಂಗ್ಲಿಷ್ ಓದಿದ ಹಾಗೆ ಓದಿಬಿಡುತ್ತೇವೆ. ಅಲ್ಲೇ ದಾರಿ ತಪ್ಪುವುದು. 'ವಿ' ಅಕ್ಷರವನ್ನು ಜರ್ಮನರು ಅವರದೇ ಪದಗಳಲ್ಲಿ 'ಫ' ಅನ್ನುತ್ತಾರೆ. ನಾಲ್ಕು ಅಂದರೆ 'ಫೀರ್', ಅಪ್ಪ ಅಂದರೆ 'ಫಾಟರ್'. 'ಝಡ್' ಅಕ್ಷರ 'ತ್ಸ' ಆಗುತ್ತದೆ. ಹತ್ತು ಅಂದರೆ 'ತ್ಸೇನ್'. ಮೊದಲು ಕಿವಿಗೆ ಬಿದ್ದರೆ ಈ ತಪ್ಪು ಹುಟ್ಟುವುದೇ ಇಲ್ಲ.

ಹೆಜ್ಜೆ 1: ಒಂದೇ ಪಾಠಮಾಲೆ ಹಿಡಿಯಿರಿ

ಹತ್ತು ಆ್ಯಪ್ ಹಾಕಿಕೊಂಡು ಹತ್ತನ್ನೂ ಅರ್ಧಕ್ಕೆ ಬಿಡಬೇಡಿ. ನಾವು ಆರಿಸಿದ್ದು ಡಾಯ್ಚೆ ವೆಲ್ಲೆಯ 'ಡಾಯ್ಚ್ – ವಾರುಮ್ ನಿಶ್ಟ್?' ಅನ್ನುವ ಪಾಠಮಾಲೆ. 'ಜರ್ಮನ್ – ಯಾಕಾಗಬಾರದು?' ಅಂತ ಅರ್ಥ. ಡಾಯ್ಚೆ ವೆಲ್ಲೆ 1953ರಲ್ಲಿ ಶುರುವಾದ ಜರ್ಮನಿಯ ಸಾರ್ವಜನಿಕ ಪ್ರಸಾರ ಸಂಸ್ಥೆ. ಪಾಠಗಳಿಗೆ ಹಣ ಕೊಡಬೇಕಿಲ್ಲ. ನಾಲ್ಕು ಭಾಗ, ಭಾಗಕ್ಕೆ 26 ಪಾಠ. ಆಂದ್ರೆಯಾಸ್ ಎಂಬ ವಿದ್ಯಾರ್ಥಿ ಓದುತ್ತಲೇ ಹೋಟೆಲಿನಲ್ಲಿ ಕೆಲಸ ಮಾಡುವ ಕಥೆ ಅದು. ಬಂದವರನ್ನು ಮಾತಾಡಿಸುವುದು, ಫೋನ್ ಎತ್ತುವುದು, ಹೆಸರು ಕೇಳುವುದು, ಹೀಗೆ ದಿನಬಳಕೆಯ ಮಾತು ತಾನಾಗಿಯೇ ಸಿಗುತ್ತದೆ.

ಪಾಠಗಳನ್ನು ಮನೆಯಲ್ಲೇ ಮೊಬೈಲಿಗೆ ಇಳಿಸಿಕೊಳ್ಳಿ. ಆಳಂದ ರಸ್ತೆಯ ಬಸ್ಸಿನಲ್ಲಿ ಕೂತು ಕೇಳುವಾಗ ನೆಟ್‌ವರ್ಕ್ ಹೋದರೂ ಪಾಠ ನಿಲ್ಲುವುದಿಲ್ಲ.

ಹೆಜ್ಜೆ 2: ಕೇಳಿ, ನಿಲ್ಲಿಸಿ, ಗಟ್ಟಿಯಾಗಿ ಹೇಳಿ

ಒಂದು ಪಾಠವನ್ನು ಮೊದಲ ಸಲ ಸುಮ್ನೆ ಕೇಳಿ. ಅರ್ಥವಾಗದಿದ್ದರೂ ಚಿಂತೆಯಿಲ್ಲ. ಎರಡನೇ ಸಲ ಪ್ರತಿ ವಾಕ್ಯಕ್ಕೂ ನಿಲ್ಲಿಸಿ, ಅದೇ ರಾಗದಲ್ಲಿ ಗಟ್ಟಿಯಾಗಿ ಹೇಳಿ. ಮೂರನೇ ಸಲ ನಿಲ್ಲಿಸದೆ, ಅವರ ಬೆನ್ನಿಗೇ ಹೇಳುತ್ತಾ ಹೋಗಿ. ಮನಸ್ಸಿನಲ್ಲೇ ಹೇಳಿಕೊಂಡರೆ ಸಾಲದು, ನಾಲಿಗೆ ಹೊರಳಬೇಕು.

ಅಕ್ಕನ ಮಗಳು ಮೊದಲು ಸಿಕ್ಕಿಬಿದ್ದದ್ದು 'ನನಗೆ ಬೇಕು' ಅನ್ನುವ ಮಾತಿನಲ್ಲಿ. ಕನ್ನಡದಲ್ಲಿ ಬರೆದರೆ ಹೆಚ್ಚುಕಡಿಮೆ 'ಇಶ್ ಮೊಶ್ಟೆ' ಆಗುತ್ತದೆ. ಆದರೆ ಬರೆದದ್ದನ್ನು ನಂಬಬೇಡಿ, ಅಲ್ಲಿ 'ಶ'ನೂ ಇಲ್ಲ, 'ಒ'ನೂ ಇಲ್ಲ. ಮಾಳಿಗೆ ಮೇಲೆ ಕೂತು, ಒಂದೊಂದು ಇಯರ್‌ಫೋನ್ ಹಂಚಿಕೊಂಡು ಅರ್ಧ ಗಂಟೆ ಇದೇ ಒಂದು ಮಾತನ್ನು ಬಿಡಿಸಿದೆವು. ಮೊದಲು 'ಎ' ಅನ್ನಿ. ನಾಲಿಗೆ ಅಲುಗಿಸದೆ, ತುಟಿ ಮಾತ್ರ 'ಒ' ಅನ್ನುವ ಹಾಗೆ ಗುಂಡಗೆ ಮಾಡಿ. ಆ ಸ್ವರ ಬಂತು. ಇನ್ನು 'ಶ' ಥರ ಕೇಳುವ ಸದ್ದು. 'ಯ' ಅನ್ನಲು ನಾಲಿಗೆ ಎತ್ತಿ, ಕಂಠ ಬಳಸದೆ ಬರೀ ಉಸಿರು ಬಿಡಿ. ಮೊಬೈಲಿನಲ್ಲಿ ಅವಳ ದನಿ ರೆಕಾರ್ಡ್ ಮಾಡಿ ಪಾಠದ ದನಿಯ ಪಕ್ಕ ಇಟ್ಟು ಕೇಳಿದೆವು. ಐದಾರು ಸಲ ಆದ ಮೇಲೆ ಅವಳೇ "ಈಗ ಹೊಂದ್ತು ನೋಡ್ರಿ" ಅಂದಳು. ಇನ್ನೊಂದು ಸ್ವರವೂ ಇದೇ ಥರ: ಬಾಯೊಳಗೆ 'ಈ', ತುಟಿಯಲ್ಲಿ 'ಊ'.

ನಮ್ಮ ಊರಿನ ಕಿವಿ ದೊಡ್ಡ ಆಸ್ತಿ. ಇದನ್ನು ನಾನು ತುಂಬಾ ಖುಷಿಯಿಂದ ಹೇಳುತ್ತೇನೆ. ಜರ್ಮನ್‌ನಲ್ಲಿ ರಾತ್ರಿಗೆ 'ನಾಖ಼್ಟ್'. ಆ 'ಖ಼' ಬೇರೆ ಕಡೆಯವರಿಗೆ ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ. ಬಂದೇನವಾಜ್ ದರ್ಗಾದ ಓಣಿಗಳಲ್ಲಿ ದಿನಾ ಉರ್ದುವಿನ 'ಖ಼ಬರ್', 'ಖ಼ುಷ್' ಕೇಳುವ ನಮಗೆ ಅದು ಹೊಸದೇ? 'ಬಾಜ಼ಾರ್' ಅನ್ನುವಾಗಿನ 'ಜ಼' ಜರ್ಮನ್‌ನಲ್ಲಿ ಹೆಜ್ಜೆಹೆಜ್ಜೆಗೂ ಬರುತ್ತದೆ. 'ಗ಼ರೀಬ್' ಪದದ ಮೊದಲ ಸದ್ದಂತೂ ಅವರ 'ರ'ಗೆ ಬಲು ಹತ್ತಿರ.

ಹೆಜ್ಜೆ 3: ಪದ ಬೇಡ, ಇಡೀ ಮಾತು ಕಲಿಯಿರಿ

ಪದಗಳ ಪಟ್ಟಿ ಬಾಯಿಪಾಠ ಮಾಡಬೇಡಿ. ಎಲ್ಲಕ್ಕಿಂತ ಮೊದಲು ಕಲಿಯಬೇಕಾದ ಮಾತು 'ನೋಖ಼್ ಐನ್‌ಮಾಲ್, ಬಿಟ್ಟೆ'. ಇನ್ನೊಂದು ಸಲ ಹೇಳಿ, ದಯವಿಟ್ಟು ಅಂತ. ಇದರ ಜೊತೆ 'ಲಾಂಗ್‌ಜ಼ಾಮರ್, ಬಿಟ್ಟೆ', ಅಂದರೆ ಸ್ವಲ್ಪ ನಿಧಾನ. ಇವೆರಡು ಗೊತ್ತಿದ್ದರೆ ಮಾತು ಅರ್ಧಕ್ಕೆ ನಿಲ್ಲುವುದಿಲ್ಲ. ಆಮೇಲೆ 'ವಾಸ್ ಕೋಸ್ಟೆಟ್ ದಾಸ್?', ಇದಕ್ಕೆ ಎಷ್ಟು?

ಇಡೀ ಮಾತು ಕಲಿತರೆ ವ್ಯಾಕರಣವೂ ಜೊತೆಗೇ ಬರುತ್ತದೆ. ನೀರು ಕುಡಿಯಬೇಕು ಅನ್ನಲು 'ಇಶ್ ಮೊಶ್ಟೆ ವಾಸರ್ ಟ್ರಿಂಕನ್'. 'ಕುಡಿ' ಅನ್ನುವ ಕ್ರಿಯಾಪದ ಕೊನೆಗೆ ಬಂತು, ನಮ್ಮ ಕನ್ನಡದ ಹಾಗೇ. 'ವೈಲ್' (ಯಾಕಂದ್ರೆ) ಅಂತ ಶುರುವಾದ ಮಾತಿನಲ್ಲೂ ಕ್ರಿಯಾಪದ ಕೊನೆಗೇ. ಇಂಗ್ಲಿಷಿನ ಮೂಲಕ ಯೋಚಿಸಿದರೆ ಇದು ತೊಡಕು, ಕನ್ನಡದ ಮೂಲಕ ಯೋಚಿಸಿದರೆ ಸಲೀಸು. ನೀನು-ನೀವು ಕೂಡ ಹಾಗೇ. ಆಪ್ತರಿಗೆ 'ದೂ', ಗುರುತಿಲ್ಲದವರಿಗೆ 'ಜ಼ೀ'. ಅಂಗಡಿಯಲ್ಲಿ, ಕಚೇರಿಯಲ್ಲಿ 'ಜ಼ೀ' ಬಿಡಬೇಡಿ.

ಹೆಜ್ಜೆ 4: ಸಂಖ್ಯೆ, ಗಂಟೆ

ನಲವತ್ತೈದಕ್ಕೆ ಜರ್ಮನರು 'ಐದು ಮತ್ತು ನಲವತ್ತು' ಅನ್ನುತ್ತಾರೆ. ಹೆದರಬೇಡಿ. ನಮ್ಮ ಊರಿನ ಸೂಪರ್ ಮಾರ್ಕೆಟ್ ಅನ್ನುವ ಪೇಟೆಯಲ್ಲಿ ತರಕಾರಿಯವನು ಉರ್ದುವಿನಲ್ಲಿ 'ಪೈಂತಾಲೀಸ್' ಅಂದಾಗ ಅಲ್ಲೂ ಐದು ಮೊದಲು, ನಲವತ್ತು ಆಮೇಲೆ. ಸಂತೆಯಲ್ಲಿ ಕೇಳಿದ ಪ್ರತಿ ಬೆಲೆಯನ್ನೂ ಬಾಯಲ್ಲೇ ಜರ್ಮನ್‌ಗೆ ತಿರುಗಿಸುತ್ತಾ ಬನ್ನಿ, ಒಂದು ತಿಂಗಳಲ್ಲಿ ಸಂಖ್ಯೆ ಕುದುರುತ್ತದೆ.

ಗಂಟೆಯಲ್ಲಿ ಮಾತ್ರ ಹುಷಾರು. 'ಹಾಲ್ಪ್ ದ್ರೈ' ಅಂದರೆ ಪದಶಃ 'ಅರ್ಧ ಮೂರು'. ನಮ್ಮ ಕಿವಿಗೆ ಅದು 'ಸಾಡೇತೀನ್' ಥರ ಕೇಳುತ್ತದೆ. ಅಕ್ಕನ ಮಗಳು ಹಾಗೇ ತಿಳಿದು ಒಂದು ಆನ್‌ಲೈನ್ ಮಾತುಕತೆಗೆ ಮೂರೂವರೆಗೆ ಕೂತಳು. ಅಷ್ಟರಲ್ಲಿ ಅದು ಮುಗಿದೇ ಹೋಗಿತ್ತು. ಅದರ ಅರ್ಥ ಎರಡೂವರೆ. ಮೂರಕ್ಕೆ ಇನ್ನೂ ಅರ್ಧ ಇದೆ ಅಂತ ಲೆಕ್ಕ.

ಹೆಜ್ಜೆ 5: ದಿನಾ ಇಪ್ಪತ್ತು ನಿಮಿಷ

ಭಾನುವಾರ ಎರಡು ಗಂಟೆ ಕೂರುವುದಕ್ಕಿಂತ ದಿನಾ ಇಪ್ಪತ್ತು ನಿಮಿಷ ಜಾಸ್ತಿ ಫಲ ಕೊಡುತ್ತದೆ. ಇವತ್ತಿನ ಪಾಠವನ್ನು ನಾಳೆ ಒಮ್ಮೆ, ಮೂರು ದಿನ ಬಿಟ್ಟು ಒಮ್ಮೆ, ವಾರ ಬಿಟ್ಟು ಒಮ್ಮೆ ಕೇಳಿ. ನಮ್ಮ ಅಕ್ಕ ರೊಟ್ಟಿ ಬಡಿಯುವ ಹೊತ್ತೇ ನಮಗೆ ಹಳೆ ಪಾಠದ ಹೊತ್ತು.

ಹೆಜ್ಜೆ 6: ಪುಸ್ತಕ ಈಗ ತೆರೆಯಿರಿ

ಹತ್ತು-ಹನ್ನೆರಡು ಪಾಠ ಬಾಯಿಗೆ ಬಂದ ಮೇಲೆ ಪುಸ್ತಕ ತೆಗೆಯಿರಿ. ಹೆಸರುಪದಗಳ ಮುಂದೆ ಬರುವ 'ದೇರ್, ದೀ, ದಾಸ್' ಕಿವಿಯಿಂದಷ್ಟೇ ಗಟ್ಟಿಯಾಗುವುದಿಲ್ಲ, ಕಣ್ಣಿಗೂ ಬೀಳಬೇಕು. ಬೆಂಗಳೂರಿನ ಗೋಥೆ ಇನ್‌ಸ್ಟಿಟ್ಯೂಟ್, ಅಂದರೆ ಮ್ಯಾಕ್ಸ್ ಮುಲ್ಲರ್ ಭವನ, ನಡೆಸುವ 'ಎ1' ಪರೀಕ್ಷೆಯಲ್ಲಿ ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು ಅಂತ ನಾಲ್ಕು ಭಾಗ ಇವೆ. ನೂರಕ್ಕೆ 60 ಅಂಕ ಬಂದರೆ ಪಾಸು. ನರ್ಸ್ ಕೆಲಸಕ್ಕೆ ಇದರಿಂದ ಇನ್ನೂ ಮೇಲೆ ಹತ್ತಬೇಕು, ಆದರೆ ಮೊದಲ ಮೆಟ್ಟಿಲು ಇದೇ.

ಮಾತಿನ ಭಾಗದಲ್ಲಿ ನಿಮ್ಮ ಪರಿಚಯ ಹೇಳಬೇಕು: ಹೆಸರು, ವಯಸ್ಸು, ದೇಶ, ಊರು, ಗೊತ್ತಿರುವ ಭಾಷೆಗಳು, ಕೆಲಸ, ಹವ್ಯಾಸ. ಒಂದು ಹೆಸರನ್ನು ಅಕ್ಷರ ಅಕ್ಷರವಾಗಿ ಬಿಡಿಸಿ ಹೇಳಲೂ ಕೇಳುತ್ತಾರೆ. ಅದಕ್ಕೇ ಈಗ ಪ್ರತಿ ಸಂಜೆ ಮಾಳಿಗೆ ಮೇಲಿಂದ ನಮ್ಮ ಊರಿನ ಹೆಸರು ಜರ್ಮನ್ ಅಕ್ಷರಗಳಲ್ಲಿ ಕೇಳಿಸುತ್ತದೆ: ಕಾ, ಆ, ಎಲ್, ಆ, ಬೇ, ಊ, ಎರ್, ಆ, ಗೇ, ಈ.