ಚಿತ್ರಪುಸ್ತಕ ಆರಿಸುವಾಗ ಕೊನೆಯ ಪುಟಗಳನ್ನು ಮೊದಲು ಓದಿ

‘ಬೇರೆ ಥರ ಇದ್ದರೂ ಪರವಾಗಿಲ್ಲ’ ಅಂತ ಹೇಳುವ ಚಿತ್ರಪುಸ್ತಕವನ್ನು ಮಗುವಿಗೆ ತೆಗೆದುಕೊಳ್ಳುವ ಮೊದಲು ಕೊನೆಯ ಮೂರ್ನಾಲ್ಕು ಪುಟ ಓದಿಬಿಡಿ, ಬೇರೆ ಥರ ಇರುವ ಪಾತ್ರವನ್ನು ಉಳಿದವರು ಯಾಕೆ ಒಪ್ಪಿಕೊಂಡರು ಅನ್ನೋದನ್ನು ಮಾತ್ರ ನೋಡಿ. ಇಂಥ ಪುಸ್ತಕಗಳು ಹೆಚ್ಚಾಗಿ 32 ಪುಟದವು, ನಿಂತಲ್ಲೇ ಆಗುವ ಕೆಲಸ. ಉದಾಹರಣೆಗೆ, ಒಂದು ಕಿವಿ ಜೋತುಬಿದ್ದ ಮೊಲವನ್ನು ಎಲ್ಲರೂ ಆಡಿಕೊಳ್ಳುತ್ತಾರೆ, ಕೊನೆಗೆ ಅದೇ ಕಿವಿಯಿಂದ ಅಪಾಯದ ಸದ್ದು ಮೊದಲೇ ಕೇಳಿಸಿಕೊಂಡು ಅದು ಎಲ್ಲರನ್ನೂ ಕಾಪಾಡುತ್ತದೆ, ಆಮೇಲೆ ಗೆಳೆತನ. ಇಂಥ ಕಥೆ ಕೇಳಿದ ಮಗುವಿಗೆ, ಏನಾದರೂ ಸಾಧಿಸಿ ತೋರಿಸಿದರೆ ಮಾತ್ರ ನನ್ನನ್ನು ಸೇರಿಸಿಕೊಳ್ಳುತ್ತಾರೆ ಅಂತ ಅನ್ನಿಸಬಹುದು. ತೊದಲುವ ಮಗುವಾಗಲಿ, ದಪ್ಪ ಕನ್ನಡಕದ ಮಗುವಾಗಲಿ ಗೆಳೆತನಕ್ಕೆ ಬೆಲೆ ತೆರಬೇಕಾಗಿಲ್ಲ, ಅಲ್ವಾ. ಏನೂ ಸಾಹಸ ಮಾಡದೆಯೇ ಆಟಕ್ಕೆ ಕರೆಸಿಕೊಳ್ಳುವ ಪಾತ್ರ ಇದ್ದರೆ ಆ ಪುಸ್ತಕ ತಗೊಳ್ಳಿ. ತೀರಾ ಚಿಕ್ಕ ಮಕ್ಕಳಿಗೆ ಈ ಲೆಕ್ಕ ಬೇಡ, ಅವರು ಕಥೆಗಿಂತ ಚಿತ್ರವನ್ನೇ ಜಾಸ್ತಿ ನೋಡುತ್ತಾರೆ. ಮಗು ಈಗಾಗಲೇ ಆ ಮೊಲದಂಥ ಕಥೆಯನ್ನು ಹಚ್ಚಿಕೊಂಡಿದ್ದರೆ ದಯವಿಟ್ಟು ಪುಸ್ತಕ ಕಿತ್ತುಕೊಳ್ಳಬೇಡಿ. ‘ಮೊಲ ಯಾರನ್ನೂ ಕಾಪಾಡದೇ ಇದ್ದಿದ್ದರೆ ನೀನು ಅದರ ಜೊತೆ ಆಡ್ತಿದ್ದೆಯಾ?’ ಅಂತ ಸುಮ್ನೆ ಒಮ್ಮೆ ಕೇಳಿ, ಉತ್ತರಕ್ಕೆ ಕಾಯಿರಿ.